‘ಗಮನಕ್ಕೆ ಬಂದಿದೆಯೇ?’ ‘ಬಂದಿದೆ’: ಬೆಂಗಳೂರಿನ ಪ್ರಶ್ನೆಗಳು ವಿಧಾನಸೌಧದಲ್ಲಿ ಎಲ್ಲಿ ಸೋರಿಹೋಗುತ್ತವೆ?

ಬೆಂಗಳೂರಿನ ಕೆರೆಯೊಂದರ ಬಗ್ಗೆ ವಿಧಾನಸಭೆಯಲ್ಲಿ ಪ್ರಶ್ನೆ ಬಂದಾಗ ಇಲಾಖೆಯಿಂದ ಸಿದ್ಧವಾಗಿ ಬರುವ ಹಾಳೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಕಾಲಂ. ಎಡಕ್ಕೆ (ಅ): ‘ಕೆರೆ ಒತ್ತುವರಿಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಬಲಕ್ಕೆ: ‘ಬಂದಿದೆ.’ (ಆ): ‘ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?’ ಬಲಕ್ಕೆ: ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ.’ (ಇ): ‘ಕ್ರಮ ಕೈಗೊಳ್ಳದಿದ್ದಲ್ಲಿ ಕಾರಣಗಳೇನು?’ ಬಲಕ್ಕೆ: ‘ಉದ್ಭವಿಸುವುದಿಲ್ಲ.’

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಶಾಸಕರು ಕೇಳಿದ್ದಾರೆ, ಸಚಿವರು ಉತ್ತರಿಸಿದ್ದಾರೆ, ಕಡತ ಮುಚ್ಚಿದೆ. ಕೆರೆ ಮಾತ್ರ ಇದ್ದಲ್ಲೇ ಇದೆ, ಅಥವಾ ಇನ್ನೊಂದಷ್ಟು ಗುಂಟೆ ಕಡಿಮೆಯಾಗಿದೆ. ಸರ್ಕಾರ ನುಣುಚಿಕೊಳ್ಳುತ್ತದೆ ಎಂಬ ದೂರು ಹಳೆಯದು, ನಿಜವೂ ಹೌದು. ಆದರೆ ನುಣುಚಿಕೊಳ್ಳುವ ದಾರಿಯನ್ನು ಬಹಳಷ್ಟು ಸಲ ಪ್ರಶ್ನೆಯೇ ಮಾಡಿಕೊಟ್ಟಿರುತ್ತದೆ. ವಸತಿ, ಸಾರಿಗೆ, ಪರಿಸರ ಈ ಮೂರರಲ್ಲೂ ಯಾವ ಪ್ರಶ್ನೆಗೆ ಅಂಕಿ ಹುಟ್ಟುತ್ತದೆ, ಯಾವುದಕ್ಕೆ ಬರೀ ಒಕ್ಕಣೆ ಹುಟ್ಟುತ್ತದೆ ಎಂಬುದನ್ನು ನೋಡೋಣ.

ಕಾರ್ಪೊರೇಟರ್ ಇಲ್ಲದ ಊರಿನ ಭಾರ

ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅಲ್ಲಿಂದ ವರ್ಷಗಟ್ಟಲೆ ನಗರ ನಡೆದದ್ದು ಆಡಳಿತಾಧಿಕಾರಿಗಳ ಕೈಯಲ್ಲಿ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂತು, ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾದವು. ಅವೂ ಆರಂಭವಾದದ್ದು ಚುನಾಯಿತ ಸದಸ್ಯರಿಲ್ಲದೆಯೇ.

ಇದರ ಪರಿಣಾಮ ಸದನದ ಕಲಾಪದಲ್ಲಿ ಕಾಣುತ್ತದೆ. ವಾರ್ಡ್ ಸಭೆಯಲ್ಲೋ ಪಾಲಿಕೆಯ ಸ್ಥಾಯಿ ಸಮಿತಿಯಲ್ಲೋ ಮುಗಿಯಬೇಕಿದ್ದ ಚರಂಡಿ, ಬೀದಿದೀಪ, ಕಸದ ಗಾಡಿಯ ಮಾತು ವಿಧಾನಸೌಧದ ಮೆಟ್ಟಿಲು ಹತ್ತಿತು. ನಗರದ 28 ಶಾಸಕರು ತಮ್ಮ ಪಾಲಿನ ಪ್ರಶ್ನೆಗಳಲ್ಲಿ ಗುಂಡಿಯನ್ನೂ ಕೇಳಬೇಕು, ಹದಿನೇಳು ಸಾವಿರ ಕೋಟಿಗೂ ಮೀರಿದ ಸುರಂಗ ರಸ್ತೆಯನ್ನೂ ಕೇಳಬೇಕು. ಗುಂಡಿಯ ಪ್ರಶ್ನೆಗೆ ಕ್ಷೇತ್ರದಲ್ಲಿ ಚಪ್ಪಾಳೆ ಬೇಗ ಸಿಗುವುದರಿಂದ ಯಾವುದಕ್ಕೆ ಸಮಯ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಇನ್ನೊಂದು ತೊಡಕನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಸಚಿವರಾದವರು ಸರ್ಕಾರವನ್ನು ಪ್ರಶ್ನಿಸುವಂತಿಲ್ಲ, ಅವರೇ ಸರ್ಕಾರ. 2023ರಲ್ಲಿ ರಚನೆಯಾದ ಸಂಪುಟದಲ್ಲಿ ಬಿಟಿಎಂ ಬಡಾವಣೆ, ಸರ್ವಜ್ಞನಗರ, ಬ್ಯಾಟರಾಯನಪುರ, ಗಾಂಧಿನಗರ, ಚಾಮರಾಜಪೇಟೆ, ಹೆಬ್ಬಾಳ ಕ್ಷೇತ್ರಗಳ ಶಾಸಕರಿಗೆ ಸ್ಥಾನ ಸಿಕ್ಕಿತು. ಆ ಕ್ಷೇತ್ರಗಳಿಗೆ ಪ್ರಭಾವ ಸಿಕ್ಕಿತು, ಪ್ರಶ್ನೆ ಕೇಳುವ ಬಾಯಿ ಹೋಯಿತು. ಸುರಂಗ ರಸ್ತೆಯ ಒಂದು ತುದಿ ಹೆಬ್ಬಾಳದಲ್ಲೇ ಇದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಂಥ ಕಡೆಯ ನಿವಾಸಿಗಳು ಪಕ್ಕದ ಕ್ಷೇತ್ರದ ಶಾಸಕರನ್ನೋ ವಿಧಾನ ಪರಿಷತ್ ಸದಸ್ಯರನ್ನೋ ಹಿಡಿಯಬೇಕು. ಬೆಂಗಳೂರಿನ ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳ ಪರಿಷತ್ ಸದಸ್ಯರನ್ನು ಈ ಕೆಲಸಕ್ಕೆ ಜನ ನೆನೆಯುವುದೇ ಅಪರೂಪ.

ಯಾವ ಅಸ್ತ್ರ ಎಲ್ಲಿಗೆ

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಬೆನ್ನಿಗೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಟಿ.ವಿ.ಯಲ್ಲಿ ಬರುವುದು ಮೊದಲನೆಯದು. ಮಾಹಿತಿ ಹೆಚ್ಚು ಹೊರಬರುವುದು ಎರಡನೆಯದರಲ್ಲಿ, ಪುಟಗಟ್ಟಲೆ ಅನುಬಂಧ ತರಿಸಲು ಅದೇ ಸರಿಯಾದ ದಾರಿ. ತುರ್ತು ವಿಷಯಕ್ಕೆ ನಿಯಮ 60ರ ನಿಲುವಳಿ ಸೂಚನೆ ಇದೆ, ಅಂದರೆ ಉಳಿದ ಕಲಾಪ ಬದಿಗಿಟ್ಟು ಇದನ್ನು ಚರ್ಚಿಸಿ ಎಂಬ ಕೋರಿಕೆ. ಸಭಾಧ್ಯಕ್ಷರು ಅದನ್ನು ಒಪ್ಪುವುದು ಕಡಿಮೆ, ಸಾಮಾನ್ಯವಾಗಿ ನಿಯಮ 69ಕ್ಕೆ ಬದಲಿಸಿ ಚರ್ಚೆಗೆ ಕೊಡುತ್ತಾರೆ. ನಿಯಮ 73ರಡಿ ಗಮನ ಸೆಳೆಯುವ ಸೂಚನೆ. ಇಂಥ ವಿಷಯ ಎತ್ತಲು ಪರಿಷತ್ತಿನಲ್ಲಿ ನಿಯಮ 330 ಹೆಚ್ಚು ಬಳಕೆಯಲ್ಲಿದೆ. ಶೂನ್ಯ ವೇಳೆಯಲ್ಲಿ ಎತ್ತಿದ ವಿಷಯಕ್ಕೆ ‘ಉತ್ತರ ಒದಗಿಸುತ್ತೇವೆ’ ಎಂಬ ಮಾತು ಸಿಕ್ಕರೆ ಅಂದಿನ ಮಟ್ಟಿಗೆ ಅದೇ ಲಾಭ.

ಈ ಎಲ್ಲಕ್ಕೂ ಸದನ ನಡೆಯಬೇಕು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕೆಂದು ಕರ್ನಾಟಕ 2005ರಲ್ಲೇ ಕಾಯ್ದೆ ಮಾಡಿಕೊಂಡಿದೆ. ಅದನ್ನು ಪಾಲಿಸಿದ ವರ್ಷಗಳು ವಿರಳ. ನಡೆಯುವ ದಿನಗಳಲ್ಲೂ ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣಸೌಧದಲ್ಲಿ. ಅಲ್ಲಿ ಉತ್ತರ ಕರ್ನಾಟಕದ ವಿಷಯಕ್ಕೆ ಆದ್ಯತೆ ಸಿಗುವುದು ನ್ಯಾಯವೇ. ಬೆಂಗಳೂರಿನ ದೊಡ್ಡ ಚರ್ಚೆಗಳಿಗೆ ಉಳಿಯುವುದು ಬಜೆಟ್ ಮತ್ತು ಮಳೆಗಾಲದ ಅಧಿವೇಶನಗಳು. ಪ್ರಶ್ನೆಯ ಸೂಚನೆಯನ್ನು ವಾರಗಳ ಮುಂಚೆಯೇ ಕೊಡಬೇಕಾದ್ದರಿಂದ, ಅಧಿವೇಶನ ಶುರುವಾದ ಮೇಲೆ ಶಾಸಕರ ಕಚೇರಿಗೆ ಹೋಗಿ ‘ಇದನ್ನು ಕೇಳಿ’ ಎನ್ನುವ ನಿವಾಸಿ ಸಂಘಗಳು ತಡವಾಗಿ ಹೋದಂತೆ. ಸದನ ಕರೆದ ಸುದ್ದಿ ಬಂದ ವಾರವೇ ಆಪ್ತ ಸಹಾಯಕರ ಕೈಗೆ ಬರೆದ ಪ್ರಶ್ನೆ ಸೇರಿರಬೇಕು.

‘ಈ ವಿಷಯ ನಮ್ಮ ಇಲಾಖೆಗೆ ಸಂಬಂಧಿಸಿಲ್ಲ’

ಒಂದು ಕೆರೆಯನ್ನು ತೆಗೆದುಕೊಳ್ಳಿ. ಕೆರೆಯ ಉಸ್ತುವಾರಿ ಪಾಲಿಕೆಯದ್ದೋ ಬಿಡಿಎಯದ್ದೋ ಆಗಿರಬಹುದು. ಅದಕ್ಕೆ ಸೇರುವ ಕೊಳಚೆ ನೀರು ಜಲಮಂಡಳಿಯ ತಲೆನೋವು. ನೊರೆ ಬಂದರೆ ಮಾದರಿ ತೆಗೆಯುವುದು ಮಾಲಿನ್ಯ ನಿಯಂತ್ರಣ ಮಂಡಳಿ, ಅಂದರೆ ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಇಲಾಖೆ. ಅಂಗಳ ಅಳೆಯುವುದು ಕಂದಾಯ ಇಲಾಖೆಯ ತಹಶೀಲ್ದಾರ್ ಮತ್ತು ಸರ್ವೆಯರ್. ಕೆರೆ ಸಂರಕ್ಷಣಾ ಪ್ರಾಧಿಕಾರ ಇರುವುದು ಸಣ್ಣ ನೀರಾವರಿ ಇಲಾಖೆಯ ಕೆಳಗೆ. ನಾಲ್ಕು ಸಚಿವರಿಗೆ ಹಂಚಿಹೋದ ಈ ಕೆರೆಯ ಬಗ್ಗೆ ಒಬ್ಬರನ್ನು ಕೇಳಿದರೆ, ಅವರು ತಮ್ಮ ಪಾಲಿನ ಕಾಲು ಭಾಗಕ್ಕೆ ಪ್ರಾಮಾಣಿಕವಾಗಿಯೇ ಉತ್ತರಿಸಿ ಕೈತೊಳೆದುಕೊಳ್ಳುತ್ತಾರೆ.

ಸಾರಿಗೆಯಲ್ಲಿ ಹಂಚಿಕೆ ಇನ್ನೂ ಕೆಟ್ಟದು. ಬಿಎಂಟಿಸಿ ಸಾರಿಗೆ ಇಲಾಖೆಯದ್ದು. ಮೆಟ್ರೊ ನಿಗಮ ಕೇಂದ್ರ ಮತ್ತು ರಾಜ್ಯದ ಸಮಪಾಲಿನ ಕಂಪನಿ. ಉಪನಗರ ರೈಲು ನಡೆಸಬೇಕಾದ ಕೆ-ರೈಡ್ ರಾಜ್ಯ ಮತ್ತು ರೈಲ್ವೆಯ ಜಂಟಿ ಸಂಸ್ಥೆ, ಸದನದಲ್ಲಿ ಅದಕ್ಕೆ ಉತ್ತರಿಸುವುದು ಮೂಲಸೌಲಭ್ಯ ಅಭಿವೃದ್ಧಿ ಇಲಾಖೆ. ಸುರಂಗ ರಸ್ತೆಗೆ ಬಿ-ಸ್ಮೈಲ್ ಎಂಬ ಬೇರೆಯೇ ಕಂಪನಿ. ಇವೆಲ್ಲವನ್ನೂ ಒಂದೇ ಮೇಜಿಗೆ ತರಲೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಯನ್ನು ಶಾಸಕರೇ ಅಂಗೀಕರಿಸಿದರು, ಅಧ್ಯಕ್ಷತೆಯನ್ನು ಮುಖ್ಯಮಂತ್ರಿಗೇ ಕೊಟ್ಟರು. ಹಾಗಿರುವಾಗ ಸದನದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬಹಳ ಸರಳ: ಪ್ರಾಧಿಕಾರ ಇದುವರೆಗೆ ಎಷ್ಟು ಸಲ ಸಭೆ ಸೇರಿದೆ, ಯಾವ ದಿನಾಂಕಗಳಂದು, ಯಾವ ಯೋಜನೆಗಳನ್ನು ಅದರ ಮುಂದೆ ಇಡಲಾಗಿದೆ, ಯಾವುದನ್ನು ಇಟ್ಟಿಲ್ಲ? ಇದಕ್ಕೆ ‘ನಿಯಮಾನುಸಾರ’ ಎಂದು ಉತ್ತರಿಸಲು ಬರುವುದಿಲ್ಲ.

ಮೆಟ್ರೊ ದರ ಇದಕ್ಕೆ ಒಳ್ಳೆಯ ಉದಾಹರಣೆ. 2025ರ ಫೆಬ್ರುವರಿ 9ರಂದು ಗರಿಷ್ಠ ದರ ₹60ರಿಂದ ₹90ಕ್ಕೆ ಹೋಯಿತು. ಕೆಲವು ದೂರಗಳಿಗೆ ಟಿಕೆಟ್ ದುಪ್ಪಟ್ಟಾಗಿ, ಜನ ರೊಚ್ಚಿಗೆದ್ದ ಮೇಲೆ ಅದೇ ವಾರ ಒಂದಿಷ್ಟು ಇಳಿಸಬೇಕಾಯಿತು. ರಾಜ್ಯ ಕೇಂದ್ರದತ್ತ ಬೆರಳು ತೋರಿಸಿತು, ಕೇಂದ್ರದವರು ರಾಜ್ಯದತ್ತ. ಕಾನೂನು ಏನು ಹೇಳುತ್ತದೆ? 2002ರ ಮೆಟ್ರೊ ರೈಲ್ವೆ ಕಾರ್ಯಾಚರಣೆ ಮತ್ತು ನಿರ್ವಹಣೆ ಕಾಯ್ದೆಯ ಪ್ರಕಾರ ದರ ನಿಗದಿ ಸಮಿತಿಯ ಶಿಫಾರಸು ನಿಗಮಕ್ಕೆ ಕಡ್ಡಾಯ. ಆದರೆ ಆ ಸಮಿತಿಯಲ್ಲಿ ಅಧ್ಯಕ್ಷರಲ್ಲದೆ ಇರುವ ಇಬ್ಬರು ಸದಸ್ಯರಲ್ಲಿ ಒಬ್ಬರು ರಾಜ್ಯ ನೇಮಿಸಿದವರು. ‘ದರ ಏಕೆ ಏರಿಸಿದಿರಿ’ ಎಂದು ಕೇಳಿದರೆ ‘ಸಮಿತಿಯ ತೀರ್ಮಾನ’ ಎಂಬ ಉತ್ತರ ತಯಾರಾಗಿರುತ್ತದೆ. ‘ರಾಜ್ಯದ ಪ್ರತಿನಿಧಿ ಯಾವ ಟಿಪ್ಪಣಿ ಸಲ್ಲಿಸಿದರು, ಅದಕ್ಕೆ ಮುನ್ನ ಸರ್ಕಾರದಿಂದ ಅವರಿಗೆ ಸೂಚನೆ ಹೋಗಿತ್ತೇ, ಪ್ರತಿ ಒದಗಿಸುವುದು’ ಎಂದರೆ ರಾಜ್ಯ ತನ್ನ ಪಾಲಿಗೆ ಉತ್ತರಿಸಲೇಬೇಕು. ಸಮಿತಿಯ ವರದಿ ಜನರ ಕೈಗೆ ಸಿಕ್ಕಿದ್ದು ದರ ಏರಿ ತಿಂಗಳುಗಳಾದ ಮೇಲೆ, ಅದೂ ವಿಷಯ ಹೈಕೋರ್ಟ್ ತಲುಪಿದ ಬಳಿಕ. ಸದನದ ಪ್ರಶ್ನೆಯೊಂದು ಈ ಕೆಲಸವನ್ನು ಮೊದಲೇ ಮಾಡಬಹುದಿತ್ತು.

ಬಸ್ಸಿನ ಸಂಖ್ಯೆ ಬೇಡ, ಟ್ರಿಪ್ ಕೇಳಿ

‘ಬಿಎಂಟಿಸಿಯಲ್ಲಿ ಎಷ್ಟು ಬಸ್ಸುಗಳಿವೆ, ಹೊಸದಾಗಿ ಎಷ್ಟು ಖರೀದಿಸಲಾಗುವುದು’ ಎಂಬ ಪ್ರಶ್ನೆ ಅಧಿವೇಶನದಿಂದ ಅಧಿವೇಶನಕ್ಕೆ ಬರುತ್ತಲೇ ಇರುತ್ತದೆ. ಉತ್ತರ ಏಳು ಸಾವಿರದ ಆಸುಪಾಸಿನಲ್ಲಿ ಓಡಾಡುತ್ತದೆ. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ನಗರಕ್ಕೆ ಹಂಚಿಕೆಯಾದ 4,500 ವಿದ್ಯುತ್ ಬಸ್ಸುಗಳ ಸುದ್ದಿಯೂ ಸೇರಿಕೊಂಡರೆ ಉತ್ತರ ಇನ್ನಷ್ಟು ಕಳೆಗಟ್ಟುತ್ತದೆ. ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಂತವರಿಗೆ ಇದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಡಿಪೋದಲ್ಲಿ ನಿಂತ ಬಸ್ಸೂ ಲೆಕ್ಕದಲ್ಲಿ ಬಸ್ಸೇ.

ಕೇಳಬೇಕಾದ್ದು ಹೀಗೆ. (ಅ) ಇಂಥ ಡಿಪೋದಿಂದ ದಿನಕ್ಕೆ ನಿಗದಿಯಾದ ಷೆಡ್ಯೂಲ್ ಮತ್ತು ಟ್ರಿಪ್‌ಗಳೆಷ್ಟು. (ಆ) ಕಳೆದ ಆರು ತಿಂಗಳಲ್ಲಿ, ತಿಂಗಳುವಾರು, ರದ್ದಾದ ಟ್ರಿಪ್‌ಗಳೆಷ್ಟು. (ಇ) ಬಸ್ ಕೆಟ್ಟಿದ್ದು, ಚಾಲಕ ಅಥವಾ ನಿರ್ವಾಹಕರ ಕೊರತೆ, ಸಂಚಾರ ದಟ್ಟಣೆ ಎಂದು ಕಾರಣವಾರು ವಿಂಗಡಣೆ. (ಈ) ಸಂಜೆ 5ರಿಂದ 9ರ ನಡುವೆ ರದ್ದಾದವು ಅದರಲ್ಲೆಷ್ಟು. ಡಿಪೋ ಮಟ್ಟದಲ್ಲಿ ಇವೆಲ್ಲ ದಿನನಿತ್ಯ ಬರೆದಿಡುವ ಅಂಕಿಗಳೇ, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎನ್ನಲು ಜಾಗವಿಲ್ಲ.

ಗುತ್ತಿಗೆ ವಿದ್ಯುತ್ ಬಸ್ಸುಗಳಲ್ಲಿ ಕಿಲೋಮೀಟರ್‌ಗೆ ಇಂತಿಷ್ಟು ಎಂದು ಕಂಪನಿಗೆ ಹಣ ಸಂದಾಯವಾಗುತ್ತದೆ. ಚಾಲಕ ಕಂಪನಿಯವನು, ನಿರ್ವಾಹಕ ಬಿಎಂಟಿಸಿಯವನು. ಇಂಥ ಒಪ್ಪಂದಗಳಲ್ಲಿ ದಿನಕ್ಕೆ ಇಷ್ಟು ಕಿಲೋಮೀಟರ್ ಎಂಬ ಖಾತರಿ ಇರುತ್ತದೆ. ಬಸ್ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಹಾಕಿಕೊಂಡು ಅಷ್ಟು ಓಡದಿದ್ದರೂ ಖಾತರಿಯ ಬಾಬ್ತು ನಿಗಮದ ತಲೆಯ ಮೇಲೆ. ಆದ್ದರಿಂದ ಖಾತರಿ ಎಷ್ಟು, ಓಡಿದ್ದೆಷ್ಟು, ಓಡದ ದೂರಕ್ಕೆ ಪಾವತಿಯಾದ ಮೊತ್ತವೆಷ್ಟು, ಬಸ್ ಕೈಕೊಟ್ಟಿದ್ದಕ್ಕೆ ವಸೂಲಾದ ದಂಡವೆಷ್ಟು ಎಂಬ ನಾಲ್ಕು ಅಂಕಿ ಒಟ್ಟಿಗೆ ಬೇಕು. ಒಂದನ್ನು ಬಿಟ್ಟರೂ ಚಿತ್ರ ಸುಳ್ಳಾಗುತ್ತದೆ. 2023ರ ಜೂನ್ 11ರಿಂದ ನಡೆಯುತ್ತಿರುವ ಶಕ್ತಿ ಯೋಜನೆಗೂ ಇದೇ ಮಾತು: ಎಷ್ಟು ಕೋಟಿ ಮಹಿಳೆಯರು ಪ್ರಯಾಣಿಸಿದರು ಎಂಬ ಅಂಕಿ ಜಾಹೀರಾತಿನಲ್ಲೇ ಸಿಗುತ್ತದೆ, ಶೂನ್ಯ ಟಿಕೆಟ್‌ಗಳ ಮೌಲ್ಯಕ್ಕೆ ನಿಗಮ ಕೇಳಿದ ಹಣ ಮತ್ತು ಖಜಾನೆಯಿಂದ ಬಂದ ಹಣದ ನಡುವಿನ ವ್ಯತ್ಯಾಸ ಸದನದಲ್ಲಿ ಕೇಳಿದರಷ್ಟೇ ಸಿಗುತ್ತದೆ.

ಉಪನಗರ ರೈಲಿನದ್ದು ಬೇರೆ ಕಥೆ. 148 ಕಿ.ಮೀ., ನಾಲ್ಕು ಕಾರಿಡಾರ್, ₹15,767 ಕೋಟಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ ಹೇಳಿದ್ದು 40 ತಿಂಗಳು. ಅದು 2025ರ ಅಕ್ಟೋಬರ್‌ಗೆ ಮುಗಿಯಿತು, ಆ ಹೊತ್ತಿಗೆ ಒಂದು ಕಾರಿಡಾರ್‌ನಲ್ಲೂ ರೈಲು ಓಡಿರಲಿಲ್ಲ. ಇಲ್ಲಿ ‘ಶೇಕಡಾ ಎಷ್ಟು ಕಾಮಗಾರಿ ಮುಗಿದಿದೆ’ ಎಂದು ಕೇಳಬಾರದು, ಆ ಶೇಕಡಾವಾರಿನಲ್ಲಿ ಸಿವಿಲ್ ಕೆಲಸವೋ ಹಣದ ಖರ್ಚೋ ಯಾವುದು ಅಡಗಿದೆ ಎಂದು ತಿಳಿಯುವುದಿಲ್ಲ. ರೈಲ್ವೆಯಿಂದ ಹಸ್ತಾಂತರವಾಗದ ಜಮೀನು ಎಷ್ಟು ಎಕರೆ, ಯಾವ ನಿಲ್ದಾಣಗಳ ನಡುವೆ, ಪತ್ರ ಬರೆದ ದಿನಾಂಕ ಯಾವುದು ಎಂದು ಕೇಳಬೇಕು.

ಮನೆ ‘ಪೂರ್ಣಗೊಂಡಿದೆ’ ಎಂದರೆ

ವಸತಿ ಯೋಜನೆಗಳ ಉತ್ತರದಲ್ಲಿ ನಾಲ್ಕು ಸಂಖ್ಯೆ ಬರುತ್ತವೆ: ಮಂಜೂರಾದದ್ದು, ಪ್ರಾರಂಭವಾಗದ್ದು, ಪ್ರಗತಿಯಲ್ಲಿರುವುದು, ಪೂರ್ಣಗೊಂಡದ್ದು. ರಾಜೀವ್ ಗಾಂಧಿ ವಸತಿ ನಿಗಮದ ಬಿಡಿ ಮನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಿಗೆ ಜಿಪಿಎಸ್ ಫೋಟೊ ಹಾಕಿದ ಮೇಲೆ ಕಂತು ಬಿಡುಗಡೆಯಾಗುತ್ತದೆ. ಅಲ್ಲಿ ‘ಪೂರ್ಣ’ಕ್ಕೆ ಒಂದು ಅರ್ಥವಿದೆ. ಬೆಂಗಳೂರಿನ ಬಹುಮಹಡಿ ವಸತಿಯಲ್ಲಿ ಕಟ್ಟಡ ಎದ್ದು, ಬಣ್ಣ ಬಳಿದು, ವರ್ಷ ಕಳೆದರೂ ಜನ ಹೋಗಿರುವುದಿಲ್ಲ. ಜಲಮಂಡಳಿಯ ಸಂಪರ್ಕ ಬಂದಿರುವುದಿಲ್ಲ, ಕೊಳಚೆ ನೀರು ಶುದ್ಧೀಕರಣ ಘಟಕ (ಎಸ್‌ಟಿಪಿ) ಶುರುವಾಗಿರುವುದಿಲ್ಲ, ಲಿಫ್ಟಿಗೆ ಪರವಾನಗಿ ಸಿಕ್ಕಿರುವುದಿಲ್ಲ, ಬೆಸ್ಕಾಂ ಟ್ರಾನ್ಸ್‌ಫಾರ್ಮರ್‌ಗೆ ಕಟ್ಟಬೇಕಾದ ಠೇವಣಿ ಯಾರ ಲೆಕ್ಕದಿಂದ ಎಂದು ಪತ್ರ ಓಡಾಡುತ್ತಿರುತ್ತದೆ. ಆದ್ದರಿಂದ ಐದನೇ ಸಂಖ್ಯೆ ಕೇಳಬೇಕು: ಎಷ್ಟು ಮನೆಗಳಲ್ಲಿ ಜನ ವಾಸವಿದ್ದಾರೆ? ಮೀಟರ್ ಓಡುತ್ತಿರುವ ಮನೆಗಳೆಷ್ಟು ಎಂದು ಕೇಳಿದರೆ ಇನ್ನೂ ಒಳ್ಳೆಯದು, ಅದಕ್ಕೆ ಬಿಲ್ಲಿನ ಸಾಕ್ಷಿ ಇರುತ್ತದೆ.

ಮನೆ ಖಾಲಿ ಉಳಿಯಲು ದೊಡ್ಡ ಕಾರಣ ಹಣದ ಲೆಕ್ಕ. ಪ್ರಧಾನಮಂತ್ರಿ ಆವಾಸ್ ಯೋಜನೆಯ (ಪಿಎಂಎವೈ) ಸಹಭಾಗಿತ್ವದ ವಸತಿಗೆ ಕೇಂದ್ರದ ನೆರವು ಮನೆಯೊಂದಕ್ಕೆ ₹1.5 ಲಕ್ಷ. ರಾಜ್ಯದ ಸಹಾಯಧನ ಸೇರಿದರೂ ಉಳಿದ ದೊಡ್ಡ ಪಾಲು ಫಲಾನುಭವಿಯ ವಂತಿಗೆ, ಅದಕ್ಕೆ ಬ್ಯಾಂಕ್ ಸಾಲ. ಮನೆಗೆಲಸದವರಿಗೆ, ಪೌರಕಾರ್ಮಿಕರಿಗೆ, ತಳ್ಳುಗಾಡಿಯವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಬ್ಯಾಂಕು ಸಾಲ ಕೊಡುವುದಿಲ್ಲ, ವಂತಿಗೆ ಬರುವುದಿಲ್ಲ, ಗುತ್ತಿಗೆದಾರನಿಗೆ ಬಿಲ್ ಆಗುವುದಿಲ್ಲ, ಕೆಲಸ ನಿಲ್ಲುತ್ತದೆ. ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗಳಲ್ಲಿ ಇದೇ ಆಗಿ, 2023ರ ಡಿಸೆಂಬರ್‌ನಲ್ಲಿ ಫಲಾನುಭವಿಗಳ ಪಾಲಿನ ಬಹುಭಾಗವನ್ನು ತಾನೇ ಭರಿಸುವ ತೀರ್ಮಾನವನ್ನು ಸಂಪುಟ ತೆಗೆದುಕೊಳ್ಳಬೇಕಾಯಿತು. 2024ರ ಮಾರ್ಚ್‌ನಲ್ಲಿ ಮೊದಲ ಹಂತವಾಗಿ ರಾಜ್ಯದಾದ್ಯಂತ 36,789 ಮನೆಗಳ ಹಸ್ತಾಂತರ ನಡೆಯಿತು. ಇಂಥ ವಿಷಯದಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಸಾಲದ ಅರ್ಜಿಗಳದ್ದು: ಎಷ್ಟು ಅರ್ಜಿ ಬ್ಯಾಂಕಿಗೆ ಹೋದವು, ಎಷ್ಟು ತಿರಸ್ಕೃತವಾದವು, ಯಾವ ಕಾರಣಕ್ಕೆ, ವಂತಿಗೆ ಕಟ್ಟಿ ಮನೆ ಸಿಗದವರ ಹಣ ಯಾವ ಖಾತೆಯಲ್ಲಿದೆ, ಬಡ್ಡಿ ಯಾರಿಗೆ.

ಬಿಡಿಎ ಬಡಾವಣೆಗಳಲ್ಲಿ ‘ಅಭಿವೃದ್ಧಿಪಡಿಸಲಾಗಿದೆ’ ಎಂಬ ಒಂದು ಪದದ ಹಿಂದೆ ಕೆಂಪೇಗೌಡ ಬಡಾವಣೆಯ ಇಡೀ ಗೋಳು ಅಡಗಿಕೊಳ್ಳುತ್ತದೆ. 2010ರಲ್ಲಿ 4,043 ಎಕರೆಗೆ ಅಂತಿಮ ಅಧಿಸೂಚನೆ, 2016ರಲ್ಲಿ ಮೊದಲ ಸುತ್ತಿನ ನಿವೇಶನ ಹಂಚಿಕೆ. ಪೂರ್ತಿ ದುಡ್ಡು ಕಟ್ಟಿದವರು ರಸ್ತೆ, ನೀರು, ಚರಂಡಿಗೆ ಕಾದದ್ದು ವರ್ಷಗಟ್ಟಲೆ. ಬ್ಲಾಕ್‌ವಾರು ರಸ್ತೆ, ಕೊಳವೆ, ಒಳಚರಂಡಿ, ವಿದ್ಯುತ್ ಎಂದು ನಾಲ್ಕು ಕಾಲಂ ಹಾಕಿ ಪ್ರತಿಯೊಂದಕ್ಕೂ ಚಾಲನೆಗೊಂಡ ದಿನಾಂಕ ಕೇಳಿದರೆ ಆ ಪದಕ್ಕೆ ಅಡಗಲು ಜಾಗವಿರುವುದಿಲ್ಲ.

ಕಾಲುವೆಯ ದರ್ಜೆ ಇಳಿದರೆ

ಪರಿಸರದ ಪ್ರಶ್ನೆಗಳಲ್ಲಿ ಹೆಚ್ಚು ಜಾಗ ಕೊಡಬೇಕಾದ್ದು ಮಳೆನೀರು ಹರಿಯುವ ರಾಜಕಾಲುವೆಗೆ ಎಂಬುದು ನನ್ನ ಅಭಿಪ್ರಾಯ. ನಗರ ಈಗಲೂ ನಡೆಯುತ್ತಿರುವುದು 2015ರ ಪರಿಷ್ಕೃತ ಮಹಾಯೋಜನೆಯ ಮೇಲೆ, 2031ರ ಕರಡು ವಾಪಸಾಯಿತು. ಅದರ ಪ್ರಕಾರ ಕೆರೆಗೆ 30 ಮೀಟರ್ ಮೀಸಲು ಪ್ರದೇಶ, ಅಂದರೆ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ. ಕಾಲುವೆಗೆ ಪ್ರಾಥಮಿಕ, ದ್ವಿತೀಯ, ತೃತೀಯ ಎಂದು ದರ್ಜೆ ನೋಡಿ 50, 25, 15 ಮೀಟರ್, ಕಾಲುವೆಯ ಮಧ್ಯದಿಂದ ಅಳತೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಕೆರೆಗೆ 75 ಮೀಟರ್‌ಗೆ ಏರಿಸಿತ್ತು, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ಏರಿಕೆಯನ್ನು ರದ್ದು ಮಾಡಿತು.

ಒಂದು ಲೆಕ್ಕ ಹಾಕೋಣ. ದ್ವಿತೀಯ ದರ್ಜೆಯ ಕಾಲುವೆಯನ್ನು ನಕ್ಷೆಯಲ್ಲಿ ತೃತೀಯ ಎಂದು ತೋರಿಸಿದರೆ ಎರಡೂ ಬದಿಯಲ್ಲಿ ಹತ್ತು ಹತ್ತು ಮೀಟರ್ ಬಿಡುಗಡೆ. ನೂರು ಮೀಟರ್ ಉದ್ದಕ್ಕೆ 2,000 ಚದರ ಮೀಟರ್, ಅಂದರೆ ಹದಿನೇಳೆಂಟು 30x40 ಸೈಟುಗಳಷ್ಟು ಜಾಗ. ಒಂದು ಇಟ್ಟಿಗೆಯೂ ಒತ್ತುವರಿಯಾಗಲಿಲ್ಲ, ದರ್ಜೆ ಬದಲಾಯಿತು ಅಷ್ಟೇ. ‘ಒತ್ತುವರಿ ಎಷ್ಟು’ ಎಂಬ ಪ್ರಶ್ನೆಗೆ ಇದು ಸಿಕ್ಕಿಬೀಳುವುದೇ ಇಲ್ಲ. ಕೇಳಬೇಕಾದ್ದು: ಇಂಥ ಹೋಬಳಿಯಲ್ಲಿ ದರ್ಜೆ ಬದಲಾದ ಕಾಲುವೆಗಳ ಪಟ್ಟಿ, ಆದೇಶದ ಸಂಖ್ಯೆ ಮತ್ತು ದಿನಾಂಕ, ಗ್ರಾಮ ನಕ್ಷೆಯಲ್ಲಿರುವ ಉದ್ದ ಮತ್ತು ಈಗಿನ ಅಳತೆಯ ಉದ್ದ.

ಉದ್ದದ ವ್ಯತ್ಯಾಸ ಸಣ್ಣದಲ್ಲ. ಬೆಂಗಳೂರಿನ ಮಳೆನೀರು ನಿರ್ವಹಣೆ ಕುರಿತ ಮಹಾಲೇಖಪಾಲರ (ಸಿಎಜಿ) ವರದಿ 2021ರಲ್ಲಿ ಸದನದ ಮುಂದೆ ಬಂತು. ಕೋರಮಂಗಲ ಕಣಿವೆಯ ಕಾಲುವೆಗಳ ಉದ್ದ 113 ಕಿ.ಮೀ.ನಿಂದ 63 ಕಿ.ಮೀ.ಗೆ ಕುಗ್ಗಿದ್ದನ್ನೂ, 1800ರ ದಶಕದ ಆರಂಭದಲ್ಲಿ 1,452 ಇದ್ದ ಜಲಮೂಲಗಳು 2016ಕ್ಕೆ 194ಕ್ಕೆ ಇಳಿದದ್ದನ್ನೂ ಅದು ದಾಖಲಿಸಿದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿದಾಗ ಸದನದ ಕೈಯಲ್ಲಿ ಈ ವರದಿ ಇತ್ತು. ಸಿಎಜಿ ವರದಿಯನ್ನು ಪ್ಯಾರಾ ಪ್ಯಾರಾ ಹಿಡಿದು ಅಧಿಕಾರಿಗಳನ್ನು ಕೂರಿಸಿ ಕೇಳುವುದು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕೆಲಸ, ಪದ್ಧತಿಯಂತೆ ಅದರ ಅಧ್ಯಕ್ಷತೆ ವಿರೋಧ ಪಕ್ಷದ್ದು. ಸದನದ ಬಾವಿಗೆ ಇಳಿದು ಘೋಷಣೆ ಕೂಗುವುದಕ್ಕಿಂತ ಈ ಮುಚ್ಚಿದ ಕೋಣೆಯಲ್ಲಿ ಹೆಚ್ಚು ಕೆಲಸವಾಗುತ್ತದೆ. ಎ.ಟಿ. ರಾಮಸ್ವಾಮಿ ನೇತೃತ್ವದ ಜಂಟಿ ಸದನ ಸಮಿತಿ ಭೂ ಒತ್ತುವರಿಯನ್ನೂ, ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸಮಿತಿ ಕೆರೆ ಒತ್ತುವರಿಯನ್ನೂ ಸರ್ವೆ ನಂಬರ್ ಮಟ್ಟಕ್ಕೆ ಕೊಂಡೊಯ್ದದ್ದು ಹೀಗೆಯೇ. ಆ ವರದಿಗಳ ಮೇಲೆ ಏನಾಯಿತು ಎಂದು ಕೇಳುವ ಹಕ್ಕು ಈಗಿನ ಸದಸ್ಯರಿಗೂ ಇದೆ.

ಕೆರೆಯ ಮೀಸಲು ಪ್ರದೇಶವನ್ನೇ ಬದಲಿಸುವ ತಿದ್ದುಪಡಿ ಮಸೂದೆ 2025ರ ಆಗಸ್ಟ್‌ನಲ್ಲಿ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ಎಲ್ಲಕ್ಕೂ ಒಂದೇ 30 ಮೀಟರ್ ಎಂಬುದರ ಬದಲು ವಿಸ್ತೀರ್ಣದ ಮೇಲೆ ಅಳತೆ: ಹತ್ತರಿಂದ ಇಪ್ಪತ್ತೈದು ಎಕರೆಯ ಕೆರೆಗೆ 12 ಮೀಟರ್, ನೂರು ಎಕರೆ ದಾಟಿದ್ದಕ್ಕೆ ಮಾತ್ರ 30. ವಿಸ್ತೀರ್ಣ ಯಾವುದು, ಗ್ರಾಮ ನಕ್ಷೆಯದ್ದೋ ಒತ್ತುವರಿ ಕಳೆದು ಉಳಿದದ್ದೋ? ಇಪ್ಪತ್ತಾರು ಎಕರೆಯ ಕೆರೆ ಒತ್ತುವರಿಯಿಂದ ಇಪ್ಪತ್ನಾಲ್ಕಕ್ಕೆ ಇಳಿದಿದ್ದರೆ ಮೀಸಲು 24 ಮೀಟರ್‌ನಿಂದ 12ಕ್ಕೆ ಬೀಳಬಾರದಲ್ಲ. ಇಂಥದ್ದನ್ನು ಪ್ರಶ್ನೋತ್ತರದಲ್ಲಿ ಕೇಳುವ ಹೊತ್ತಿಗೆ ತಡವಾಗಿರುತ್ತದೆ, ಮಸೂದೆಯ ಖಂಡವಾರು ಪರಿಶೀಲನೆಯಲ್ಲಿ ತಿದ್ದುಪಡಿ ಸೂಚಿಸಬೇಕು.

ಉತ್ತರ ಬಂದ ಮೇಲೆ

‘ಮಾಡುತ್ತೇವೆ’ ಎಂದು ಸಚಿವರು ಸದನದಲ್ಲಿ ಹೇಳಿದ ಮಾತು ಸರ್ಕಾರಿ ಭರವಸೆಗಳ ಸಮಿತಿಯ ಪಟ್ಟಿಗೆ ಸೇರುತ್ತದೆ. ‘ಪರಿಶೀಲಿಸಲಾಗುವುದು’ ಎಂಬ ಜಾರಿಕೆಯ ಉತ್ತರಕ್ಕೆ ಉಪಪ್ರಶ್ನೆ ಹಾಕಿ ದಿನಾಂಕ ಹೇಳಿಸಿದರೆ ಮುಂದೆ ಹಿಡಿಯಲು ಒಂದು ಗಂಟು ಸಿಗುತ್ತದೆ. ಮುಂದಿನ ಅಧಿವೇಶನದಲ್ಲಿ ಹೊಸದಾಗಿ ಬರೆಯುವ ಬದಲು ‘ಇಂಥ ದಿನಾಂಕದ ಪ್ರಶ್ನೆ ಸಂಖ್ಯೆ ಇಷ್ಟಕ್ಕೆ ನೀಡಿದ ಉತ್ತರದಂತೆ’ ಎಂದು ಶುರುಮಾಡಿದರೆ ಇಲಾಖೆಯವರು ಹಳೆಯ ಕಡತ ತೆಗೆಯಲೇಬೇಕು.

ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ, ಹೆಚ್ಚಿನವು ಸ್ಕ್ಯಾನ್ ಮಾಡಿದ ಪ್ರತಿಗಳಾದ್ದರಿಂದ ಕೆರೆಯ ಹೆಸರು ಹಾಕಿ ಹುಡುಕಿದರೆ ಸಿಗದು, ದಿನಾಂಕ ಮತ್ತು ಸದಸ್ಯರ ಹೆಸರಿನಿಂದ ಹುಡುಕಬೇಕು. ‘ಅನುಬಂಧವನ್ನು ಸಿ.ಡಿ.ಯಲ್ಲಿ ಒದಗಿಸಿದೆ’ ಎಂದಿದ್ದರೆ ಮುಖ್ಯ ಮಾಹಿತಿಯೆಲ್ಲ ಶಾಸಕರ ಮೇಜಿನ ಡ್ರಾಯರ್‌ನಲ್ಲಿದೆ ಎಂದರ್ಥ. ಮೊದಲು ಅವರ ಕಚೇರಿಯಲ್ಲೇ ಕೇಳಿ. ಅಲ್ಲಿ ಸಿಗದಿದ್ದರೆ ಉತ್ತರಿಸಿದ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಪ್ರಶ್ನೆಯ ಸಂಖ್ಯೆ, ಉತ್ತರಿಸಿದ ದಿನಾಂಕ, ಕಡತದ ಸಂಖ್ಯೆ ಮೂರನ್ನೂ ನಮೂದಿಸಿ ₹10 ಶುಲ್ಕದೊಂದಿಗೆ ಅರ್ಜಿ ಹಾಕಿ. ಕಡತದ ಸಂಖ್ಯೆ ಉತ್ತರದ ಹಾಳೆಯ ಕೊನೆಯಲ್ಲಿ, ಸಚಿವರ ಸಹಿಯ ಹತ್ತಿರ ಇರುತ್ತದೆ. ಕಾಯ್ದೆಯಂತೆ ಮೂವತ್ತು ದಿನದೊಳಗೆ ಉತ್ತರ ಬರಬೇಕು.